ಲೆನ್ಸಿಗೆ ಹೆಸರುಂಟು, ಮುಖಕ್ಕಿಲ್ಲ

ನಮ್ಮ ಮಂಗಳೂರಿನ ಯಾವುದಾದರೂ ಗ್ಯಾಲರಿಯಲ್ಲಿ ಸೃಜನಶೀಲ ಭಾವಚಿತ್ರಗಳ ಪ್ರದರ್ಶನ ಏರ್ಪಟ್ಟಿದೆಯೆಂದರೆ, ಒಳಗೆ ಯಾರ್‍ಯಾರ ಮುಖಗಳಿರುತ್ತವೆ ಎಂಬುದನ್ನು ಹಂಪನಕಟ್ಟೆಯ ಬಸ್ ನಿಲ್ದಾಣದಲ್ಲಿ ನಿಂತೇ ಹೇಳಿಬಿಡಬಹುದು. ಮೀನುದೋಣಿಗಳು ತಂಗುವ ದಕ್ಕೆಯಲ್ಲಿ ಬಂಗುಡೆ ಮೀನಿನ ಬುಟ್ಟಿ ಹೊತ್ತ ಹೆಂಗಸು, ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕನ್ನಡಿ ಹಿಡಿದ ಯಕ್ಷಗಾನದ ವೇಷಧಾರಿ, ಹುಲಿಯ ಬಣ್ಣ ಬಳಿದುಕೊಂಡ ಪಿಲಿವೇಷದ ಹುಡುಗ, ಬೀಡಿ ಕಟ್ಟುವ ಅಜ್ಜಿ, ಹಲ್ಲಿಲ್ಲದೆ ನಗುವ ಅಜ್ಜ. ಇವರಲ್ಲಿ ಅರ್ಧದಷ್ಟು ಮಂದಿಯನ್ನು ಕಪ್ಪು-ಬಿಳುಪಿಗೆ ತಿರುಗಿಸಿದರೆ ಸೃಜನಶೀಲತೆಯ ಬಾಬ್ತು ಮುಗಿಯಿತು.

ಇತ್ತೀಚೆಗೆ ನೋಡಿದ ಇಂಥದೊಂದು ಪ್ರದರ್ಶನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರಗಳಲ್ಲ, ಅವುಗಳ ಕೆಳಗೆ ಅಂಟಿಸಿದ್ದ ಚೀಟಿಗಳು. ಬೀಡಿ ಕಟ್ಟುವ ಅಜ್ಜಿಯ ಚಿತ್ರದ ಕೆಳಗೆ ‘ಕಾಲದ ಗೆರೆಗಳು’ ಎಂಬ ಶೀರ್ಷಿಕೆ, ಅದರಡಿ ಛಾಯಾಗ್ರಾಹಕರ ಹೆಸರು, ಕ್ಯಾಮೆರಾದ ಹೆಸರು, 85 ಎಂ.ಎಂ. ಲೆನ್ಸ್, ಎಫ್ 1.8, ಶಟರ್ 1/200 ಸೆಕೆಂಡ್, ಐಎಸ್‌ಒ 400, ಮುದ್ರಿಸಿದ ಕಾಗದದ ಜಾತಿ, ಕೊನೆಗೆ ಚೌಕಟ್ಟಿನ ಪ್ರಾಯೋಜಕರು. ಅಜ್ಜಿಯ ಹೆಸರಿಗೆ ಮಾತ್ರ ಚೀಟಿಯಲ್ಲಿ ಸ್ಥಳ ಸಾಲದಾಗಿತ್ತು.

ಎಫ್ 1.8ರ ಮಹಿಮೆಯನ್ನೂ ಹೇಳಬೇಕು. ಲೆನ್ಸಿನೊಳಗೆ ಬೆಳಕು ಬಿಡುವ ದ್ಯುತಿರಂಧ್ರವನ್ನು ಅಷ್ಟು ಅಗಲಕ್ಕೆ ತೆರೆದು ಹತ್ತಿರದಿಂದ ಕ್ಲಿಕ್ಕಿಸಿದರೆ ಕಣ್ಣಿನ ರೆಪ್ಪೆ ಚುರುಕಾಗಿ ಕಾಣುತ್ತದೆ, ಕಿವಿಯ ಹೊತ್ತಿಗೆ ಮಸುಕು ಶುರುವಾಗಿರುತ್ತದೆ, ಅದರಾಚೆಗಿನದೆಲ್ಲ ಬೆಣ್ಣೆಯಂತೆ ಕರಗಿಹೋಗಿರುತ್ತದೆ. ಆ ಕರಗಿದ ಭಾಗದಲ್ಲಿ ಅಜ್ಜಿಯ ಮನೆಯಿತ್ತು, ಜಗಲಿಯಿತ್ತು, ಪ್ರಾಯಶಃ ಮೊಮ್ಮಕ್ಕಳೂ ಇದ್ದರು. ಚೀಟಿ ಹೆಸರನ್ನು ನುಂಗಿತು, ಲೆನ್ಸು ವಿಳಾಸವನ್ನು ನುಂಗಿತು. ಉಳಿದದ್ದು ಸುಕ್ಕು ಮಾತ್ರ, ಅದರ ಎದುರು ನಿಂತು ಗಣ್ಯರೊಬ್ಬರು ‘ಎಂಥ ವ್ಯಕ್ತಿತ್ವ!’ ಎಂದು ಉದ್ಗರಿಸಿದರು.

ಯಕ್ಷಗಾನದ ನಾಡಿನಲ್ಲಿ ಇದು ನಡೆಯುವುದೇ ವಿಚಿತ್ರ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷವೊಂದು ಗಂಟೆಗಟ್ಟಲೆ ಕುಳಿತು ಮುಖದ ತುಂಬ ಅಕ್ಕಿಹಿಟ್ಟಿನ ಉಬ್ಬುಚುಕ್ಕೆಗಳ ಚುಟ್ಟಿ ಇಟ್ಟುಕೊಂಡು, ಸ್ವಂತ ತಾಯಿಗೂ ಗುರುತು ಸಿಗದ ಹಾಗೆ ರಂಗಕ್ಕೆ ಬಂದರೂ, ಹಿಂದಿನ ಸಾಲಿನಲ್ಲಿ ಕಡಲೆ ತಿನ್ನುತ್ತಿರುವ ಪ್ರೇಕ್ಷಕ ಮೊದಲ ಹೆಜ್ಜೆಯಲ್ಲೇ ಕಲಾವಿದನ ಹೆಸರನ್ನೂ ಅವನು ಹಿಂದೆ ಇದ್ದ ಮೇಳವನ್ನೂ ಹೇಳುತ್ತಾನೆ. ಆಟದ ಕರಪತ್ರದಲ್ಲೂ ಕಲಾವಿದರ ಹೆಸರುಗಳ ಸಾಲೇ ಇರುತ್ತದೆ. ಅದೇ ಕಲಾವಿದ ಗ್ಯಾಲರಿಯ ಗೋಡೆಗೆ ಬಂದೊಡನೆ ‘ಬಣ್ಣದ ಬದುಕು – 3’ ಆಗಿಬಿಡುತ್ತಾನೆ.

ಇದು ನಮ್ಮವರ ಸ್ವಂತ ಸಂಶೋಧನೆಯೇನಲ್ಲ, ಪರಂಪರೆ ದೊಡ್ಡದು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್, ಮಕ್ಕಳೊಡನೆ ಕುಳಿತಿದ್ದ ಬಡ ಕೂಲಿ ಮಹಿಳೆಯೊಬ್ಬಳ ಚಿತ್ರ ತೆಗೆದರು, ಹೆಸರು ಕೇಳಲಿಲ್ಲ. ಚಿತ್ರ ‘ವಲಸೆ ತಾಯಿ’ ಎಂದು ಜಗತ್ಪ್ರಸಿದ್ಧವಾಯಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ. 1941ರಲ್ಲಿ ಛಾಯಾಗ್ರಾಹಕ ಯೂಸುಫ್ ಕಾರ್ಶ್ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರ ಬಾಯಿಂದ ಚುಟ್ಟವನ್ನು ಕಿತ್ತುಕೊಂಡು ತೆಗೆದ ಚಿತ್ರಕ್ಕೆ ‘ಸಿಡುಕು ಮುದುಕ’ ಎಂದು ಶೀರ್ಷಿಕೆಯಿಟ್ಟು ಹೆಸರನ್ನು ಬಿಟ್ಟುಬಿಡುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ನಮ್ಮ ಕಾನೂನೂ ಇಂಥ ಕಲೆಗೆ ಸೊಗಸಾಗಿ ಒದಗಿಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತನ್ನ ಚಿತ್ರ ತೆಗೆಸಿಕೊಂಡವನೇ ಆ ಚಿತ್ರದ ಮೊದಲ ಒಡೆಯ. ಸ್ಟುಡಿಯೋದಲ್ಲಿ ಕೋಟು ಹಾಕಿಕೊಂಡು ಕುಳಿತ ಮದುಮಗನಿಗೆ ಆ ಭಾಗ್ಯವುಂಟು. ದಕ್ಕೆಯಲ್ಲಿ ಬುಟ್ಟಿ ಹೊತ್ತು ನಡೆಯುತ್ತಿದ್ದಾಗ ಸಿಕ್ಕಿಬಿದ್ದ ಅಕ್ಕ ಹಣ ಕೊಟ್ಟಿಲ್ಲವಾದ್ದರಿಂದ ಆಕೆಯ ಮುಖದ ಚಿತ್ರ ಕ್ಲಿಕ್ಕಿಸಿದವರ ಸೊತ್ತು. ‘ಅನುಮತಿಯಿಲ್ಲದೆ ಯಾರೂ ಛಾಯಾಚಿತ್ರ ತೆಗೆಯಬಾರದು’ ಎಂಬ ಫಲಕವನ್ನು ಆಕೆಯ ಚಿತ್ರದ ಪಕ್ಕದಲ್ಲೇ ತೂಗುಹಾಕಿದವರಿಗೆ ಹಾಸ್ಯಪ್ರಜ್ಞೆಯಿತ್ತೋ ಮೊಳೆಯ ಅಭಾವವಿತ್ತೋ ತಿಳಿಯದು.

ಉದ್ಘಾಟನೆಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ದೀಪ, ಶಾಲು, ಹಣ್ಣಿನ ಬುಟ್ಟಿ, ಆಮೇಲೆ ಚಿತ್ರಗಳಿಗೆ ಬೆನ್ನು ಹಾಕಿ ಸೆಲ್ಫಿ. ವೇದಿಕೆಯಲ್ಲಿದ್ದ ಪ್ರತಿಯೊಬ್ಬರ ಹೆಸರನ್ನೂ ಬಿರುದು ಸಹಿತ ಓದಲಾಯಿತು. ಧ್ವನಿವರ್ಧಕದವರಿಗೂ ಕೃತಜ್ಞತೆ ಸಂದಿತು. ನಾನು ಛಾಯಾಗ್ರಾಹಕರ ಬಳಿ ಹೋಗಿ, ‘ಸರ್, ಆ ಅಜ್ಜಿ ಯಾರು?’ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿ, ‘ಅದು ಮುಖ್ಯ ಅಲ್ಲ ಮಾರಾಯ್ರೆ, ಬೆಳಕು ನೋಡಿ’ ಎಂದರು. ಬೆಳಕನ್ನು ನೋಡಿದೆ, ಚೆನ್ನಾಗಿಯೇ ಇತ್ತು.

ಹೊರಡುವಾಗ ಬಾಗಿಲ ಬಳಿ ಅಭಿಪ್ರಾಯ ಪುಸ್ತಕವಿತ್ತು. ಹೆಸರು, ಊರು, ಮೊಬೈಲ್ ಸಂಖ್ಯೆ ಎಂಬ ಅಂಕಣಗಳನ್ನು ಖಾಲಿ ಬಿಟ್ಟು, ‘ಬೆಳಕು ಚೆನ್ನಾಗಿದೆ’ ಎಂದಷ್ಟೇ ಬರೆದೆ. ಮೇಜಿನ ಹಿಂದೆ ಕುಳಿತಿದ್ದ ಹುಡುಗ ಪುಸ್ತಕವನ್ನು ನನ್ನ ಕಡೆಗೇ ತಿರುಗಿಸಿ, ‘ಸರ್, ಹೆಸರು ಬರೀಲೇಬೇಕು, ಇಲ್ಲದಿದ್ರೆ ಲೆಕ್ಕಕ್ಕೆ ಬರುದಿಲ್ಲ’ ಎಂದ.