ಈರುಳ್ಳಿ ಹೋಗಬಹುದು, ನೀವು ಹೋಗಬಾರದು

ಬುಕ್ ಮಾಡದ ಪ್ರವಾಸವನ್ನು ರದ್ದು ಮಾಡುವುದರಲ್ಲಿ ಒಂದು ಸುಖವಿದೆ. ದುಡ್ಡು ಹೋಗುವುದಿಲ್ಲ, ಹೆಸರು ಬರುತ್ತದೆ. 2024ರ ಜನವರಿ ಎರಡನೇ ವಾರದಲ್ಲಿ ಮುಂಬೈಯ ಮುಲುಂಡ್‌ನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಒಂದು ಮನೆ ಬಿಟ್ಟು ಉಳಿದವರೆಲ್ಲ ಮಾಲ್ಡೀವ್ಸ್ ಪ್ರವಾಸವನ್ನು ಕೈಬಿಟ್ಟರು. ಅವರಲ್ಲಿ ಹೆಚ್ಚಿನವರ ಪಾಸ್‌ಪೋರ್ಟ್ ಅವಧಿ ಯಾವತ್ತೋ ಮುಗಿದಿತ್ತು. ಕೆಳಗಿನ ಮನೆಯ ಅಜ್ಜಿಗೆ ಊರು ಬಿಟ್ಟರೆ ಮುಲುಂಡ್, ಮುಲುಂಡ್ ಬಿಟ್ಟರೆ ಊರು. ಅವರೂ ಕೈಬಿಟ್ಟರು. ‘ನಮ್ಮ ಅಜ್ಜಿಯೂ ಹೋಗುವುದಿಲ್ಲ’ ಎಂದು ಮೊಮ್ಮಗ ವಾಟ್ಸಾಪ್ ಗ್ರೂಪ್‌ಗೆ ಹಾಕಿದ. ಸಾಲು ಸಾಲಾಗಿ ಕೈಮುಗಿಯುವ ಚಿತ್ರಗಳು ಬಂದವು.

ಕಾರಣ ನಿಮಗೆ ನೆನಪಿರಬಹುದು. ಆ ತಿಂಗಳ ಮೊದಲ ವಾರ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದರು. ಬೀಚಿನಲ್ಲಿ ಕುರ್ಚಿ ಹಾಕಿ ಕುಳಿತ, ಸ್ನಾರ್ಕೆಲ್ ಕಟ್ಟಿಕೊಂಡು ನೀರಿಗಿಳಿದ ಫೋಟೊಗಳು ಬಂದವು. ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳಿಗೆ ಸುಮ್ನೆ ಇರಲಾಗಲಿಲ್ಲ. ಬಾಯಿಗೆ ಬಂದದ್ದು ಬರೆದರು. ಜನವರಿ 7ರಂದು ಅವರದೇ ಸರ್ಕಾರ ಅವರನ್ನು ಅಮಾನತು ಮಾಡಿತು. ಜಗಳ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಮ್ಮ ಗ್ರೂಪಿನವರು ಆಗಷ್ಟೇ ಚಹಾ ಕುಡಿದು ಕೈಯಲ್ಲಿ ಫೋನು ಹಿಡಿದಿದ್ದರು.

‘ಇನ್ನು ಲಕ್ಷದ್ವೀಪವೇ’ ಎಂದು ಸೊಸೈಟಿ ಸೆಕ್ರೆಟರಿ ಘೋಷಿಸಿದರು. ಇವರು ಕಾರ್ಕಳದ ಕಡೆಯವರು. ನಲವತ್ತು ವರ್ಷದಿಂದ ಮುಂಬೈಯಲ್ಲಿದ್ದಾರೆ, ಲಿಫ್ಟ್ ಕೆಟ್ಟರೆ ಮಾತ್ರ ಕಾಣಿಸುವುದಿಲ್ಲ. ದೇಶದಲ್ಲೆಲ್ಲ ಇದೇ ಗಾಳಿ ಬೀಸುತ್ತಿತ್ತು. ಲಕ್ಷದ್ವೀಪದ ಹುಡುಕಾಟ ಶೇ. 3,400ರಷ್ಟು ಏರಿದೆ ಎಂದು ಒಂದು ಪ್ರವಾಸದ ಕಂಪನಿ ಹೇಳಿತು. ಏರಿದ್ದು ಹುಡುಕಾಟ, ಹೋಗುವುದಲ್ಲ. ಹುಡುಕುವುದಕ್ಕೆ ಪರ್ಮಿಟ್ ಬೇಡವಲ್ಲ. ಲಕ್ಷದ್ವೀಪಕ್ಕೆ ಕಾಲಿಡಲು ಭಾರತೀಯರಿಗೂ ಪರ್ಮಿಟ್ ಬೇಕು. ಮಾಲ್ಡೀವ್ಸ್‌ಗೆ ವೀಸಾದ ಚಿಂತೆಯೇ ಇಲ್ಲ, ಇಳಿದ ಮೇಲೆ ಠಸ್ಸೆ ಒತ್ತಿ ಒಳಗೆ ಬಿಡುತ್ತಾರೆ. ನಮ್ಮ ದೇಶಕ್ಕೆ ಹೋಗಲು ಅರ್ಜಿ ಹಾಕಬೇಕು, ಪರದೇಶಕ್ಕೆ ಸುಮ್ನೆ ಹೋಗಬಹುದು. ಇದನ್ನು ಯಾರಾದರೂ ಗ್ರೂಪಿನಲ್ಲಿ ಬರೆದರಾ? ಇಲ್ಲ. ನಾನೂ ಬರೆಯಲಿಲ್ಲ, ನನಗೂ ನಳ್ಳಿ ನೀರು ಬೇಕು.

ಆಗ ಲಕ್ಷದ್ವೀಪದ ಅಗತ್ತಿಗೆ ವಿಮಾನ ಇದ್ದದ್ದು ಕೊಚ್ಚಿಯಿಂದ ಮಾತ್ರ, ಅದೂ ಸಣ್ಣ ಎಟಿಆರ್. ರನ್‌ವೇ ಸುಮಾರು 1,200 ಮೀಟರ್ ಉದ್ದ. ದೊಡ್ಡ ವಿಮಾನ ಇಳಿಸಿದರೆ ಬಾಲ ದ್ವೀಪದಲ್ಲಿ, ಮೂಗು ಮೀನಿನ ಜೊತೆ. ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. ನಮ್ಮ ಪಕ್ಕದ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೇ ಅದರ ಮೂರು ಪಟ್ಟು ಇದೆ. ಲಕ್ಷದ್ವೀಪಕ್ಕೆ ಮುಲುಂಡ್‌ನ ಒಂದು ಭಾನುವಾರದ ಜನ ಹೋದರೂ ತೆಂಗಿನ ಮರ ಹತ್ತಿ ಕೂರಬೇಕು. ಬಂಗಾರಂ ದ್ವೀಪ ಬಿಟ್ಟರೆ ಬೇರೆಲ್ಲೂ ಮದ್ಯ ಇಲ್ಲ ಎಂದು ಗೊತ್ತಾದ ಮೇಲೆ ನಮ್ಮ ಸೊಸೈಟಿಯ ಗಂಡಸರ ಲಕ್ಷದ್ವೀಪ ಪ್ರೇಮ ಸ್ವಲ್ಪ ತಣ್ಣಗಾಯಿತು ಅನ್ನುವುದು ಬೇರೆ ಮಾತು. ತೆಂಕಲಾಗಿರುವ ಮಿನಿಕಾಯ್ ದ್ವೀಪದ ನಮ್ಮದೇ ಜನ ಆಡುವುದು ಮಾಲ್ಡೀವ್ಸ್‌ನವರ ದಿವೇಹಿ ಭಾಷೆಯನ್ನು. ಇದನ್ನು ನಾನು ಹೇಳಿದೆ ಅಂತ ಸೆಕ್ರೆಟರಿಯವರಿಗೆ ಹೇಳಬೇಡಿ.

ಈಗ ಆ ಒಂದು ಮನೆಗೆ ಬರೋಣ. ಎರಡನೇ ಮಹಡಿಯ ದಂಪತಿ. ಅವರು ಬ್ಯಾಂಕಿನಿಂದ ನಿವೃತ್ತರು, ಆಕೆ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವರು. ಜೀವಮಾನದಲ್ಲಿ ಒಮ್ಮೆ ಏನೂ ಕೆಲಸ ಮಾಡದೆ ಒಂದು ವಾರ ಬಿದ್ದುಕೊಂಡಿರಬೇಕು ಎಂದು ಟೀಚರಮ್ಮನ ಆಸೆ. ದೀಪಾವಳಿ ಆಫರ್‌ನಲ್ಲಿ ಮಾಲ್ಡೀವ್ಸ್ ರೆಸಾರ್ಟ್ ಬುಕ್ ಮಾಡಿ ಪೂರ್ತಿ ದುಡ್ಡು ಕಟ್ಟಿದ್ದರು. ರಿಫಂಡ್ ಇಲ್ಲ. ಬುಕ್ ಮಾಡುವಾಗ ಅದು ಮಿತ್ರದೇಶ. ಹೊರಡುವ ಹೊತ್ತಿಗೆ ಅಲ್ಲ.

‘ದೇಶಕ್ಕಿಂತ ದುಡ್ಡು ಹೆಚ್ಚಾ ಸಾರ್?’ ಎಂದು ಸೆಕ್ರೆಟರಿ ಲಿಫ್ಟಿನಲ್ಲಿ ಕೇಳಿದರಂತೆ.

‘ಹಾಗಲ್ಲ ಮಾರಾಯ್ರೆ, ಅರ್ಧ ದುಡ್ಡು ನೀವು ಕೊಡಿ, ಇಬ್ಬರೂ ಸೇರಿ ದೇಶಸೇವೆ ಮಾಡುವ’ ಎಂದರಂತೆ ಇವರು. ಸೆಕ್ರೆಟರಿ ಒಂದು ಮಹಡಿ ಮೊದಲೇ ಇಳಿದು ಹೋದರು.

ಕೊನೆಗೆ ದಂಪತಿ ಹೊರಟದ್ದು ಬೆಳಗಿನ ಜಾವ ಮೂರಕ್ಕೆ. ವಾಚ್‌ಮನ್‌ಗೆ ಹೇಳಿದ್ದು ಗೋವಾ ಎಂದು. ಮುಂಬೈಯಿಂದ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಸುಮಾರು ಮೂರು ಗಂಟೆಯ ಹಾರಾಟ. ಅಲ್ಲಿಂದ ಸೀ ಪ್ಲೇನ್. ಅದು ಕತ್ತಲಾದ ಮೇಲೆ ಹಾರುವುದಿಲ್ಲ, ಪೈಲಟ್ ಬರಿಗಾಲಲ್ಲೇ ಇರುತ್ತಾನೆ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಅಲ್ಲಿಯ ಪದ್ಧತಿ ಅದು. 1972ರಲ್ಲಿ ಕುರುಂಬಾ ದ್ವೀಪದಲ್ಲಿ ಮೊದಲ ರೆಸಾರ್ಟ್ ತೆರೆದಾಗಿನಿಂದ ನಡೆದು ಬಂದಿದೆ. ಒಮ್ಮೆ ಇಳಿದರೆ ಓಡಿಹೋಗಲು ಜಾಗವಿಲ್ಲ. ಉಪ್ಪಿಟ್ಟು ತಿನ್ನಬೇಕು ಅನ್ನಿಸಿದರೂ ಸಮುದ್ರ ದಾಟಬೇಕು.

ಟೀಚರಮ್ಮನ ಮೊದಲ ಕಷ್ಟ ಫೋಟೊ. ಫೇಸ್‌ಬುಕ್ಕಿಗೆ ಹಾಕದ ಮೇಲೆ ಹೋಗಿದ್ದೇಕೆ? ಹಾಕಿದರೆ ಗೋವಾ ಅನ್ನಬೇಕು. ಆದರೆ ಅಲ್ಲಿಯ ನೀರು ತಿಳಿ ಹಸಿರು ನೀಲಿ. ಕಲಂಗೂಟ್‌ನಲ್ಲಿ ಅಂಥ ನೀರು ಯಾರು ನೋಡಿದ್ದಾರೆ? ಹಾಗಾಗಿ ಒಂದು ವಾರ ಆಕೆ ಸಮುದ್ರಕ್ಕೆ ಬೆನ್ನು ಹಾಕಿ ಫೋಟೊ ತೆಗೆದರು. ತೆಂಗಿನ ಮರ, ಬಾಳೆಗಿಡ, ಗೋಡೆ, ಗಂಡ. ಲಕ್ಷಗಟ್ಟಲೆ ಕೊಟ್ಟು ಹೋದವರು ಉಡುಪಿಯ ಹಿತ್ತಲಲ್ಲಿ ಸಿಗುವುದನ್ನೆಲ್ಲ ಕ್ಲಿಕ್ಕಿಸಿದರು. ‘ರೀ, ಸ್ವಲ್ಪ ಈಚೆ ಬನ್ನಿ, ಹಿಂದೆ ಸಮುದ್ರ ಕಾಣ್ತಾ ಇದೆ’ ಎಂದು ಮಾಲ್ಡೀವ್ಸ್‌ನಲ್ಲಿ ನಿಂತು ಗಂಡನನ್ನು ಬೈದ ಹೆಂಗಸು ಆಕೆಯೊಬ್ಬರೇ ಇರಬೇಕು.

ಎರಡನೇ ಕಷ್ಟ ಗಡಿಯಾರ. ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಅಲ್ಲಿಯ ಹಲವು ರೆಸಾರ್ಟ್‌ಗಳು ಅತಿಥಿಗಳಿಗೆ ಬಿಸಿಲು ಜಾಸ್ತಿ ಸಿಗಲಿ ಎಂದು ತಮ್ಮ ದ್ವೀಪದ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅಂದರೆ ದೇಶ ನಮಗಿಂತ ಹಿಂದೆ, ರೆಸಾರ್ಟ್ ನಮಗಿಂತ ಮುಂದೆ. ಬೆಳಗ್ಗೆ ಎಂಟಕ್ಕೆ ಸರಿಯಾಗಿ ಗ್ರೂಪಿಗೆ ಸುಪ್ರಭಾತ ಹಾಕುವ ಶಿಸ್ತಿನ ಬ್ಯಾಂಕಿನವರು ಆ ವಾರ ಏಳೂವರೆಗೆ ಹಾಕಿದರು. ಸೆಕ್ರೆಟರಿಗೆ ಅನುಮಾನ ಬಂದದ್ದು ಅಲ್ಲಿಂದಲೇ.

ಮೂರನೆಯದು ಬಡಿಸುವವನು. ಸಂಜೆ ಊಟಕ್ಕೆ ಕೂತರೆ ಬಡಿಸಲು ಬಂದವನು ಕುಂದಾಪುರದ ಹುಡುಗ! ‘ಎಂಥ ಸಾರ್, ನಮ್ಮವರೆಲ್ಲ ಬರುವುದು ನಿಲ್ಲಿಸಿದ್ರಂತೆ?’ ಎಂದು ಕೇಳಿದ. ದುಡಿಯುವವರಲ್ಲಿ ಭಾರತದವರು, ಬಾಂಗ್ಲಾದವರು, ಲಂಕೆಯವರು ಬೇಕಾದಷ್ಟು ಇದ್ದಾರೆ. ನಾವು ಬಹಿಷ್ಕಾರ ಹಾಕಿದ್ದು ಉಪಮಂತ್ರಿಗಳಿಗೆ, ಟಿಪ್ಸ್ ತಪ್ಪಿದ್ದು ಕುಂದಾಪುರದವನಿಗೆ. ಟೀಚರಮ್ಮ ಅವನಿಗೆ ಎರಡು ಪಟ್ಟು ಕೊಟ್ಟರಂತೆ. ಬಿಲ್ ಬಂದಾಗ ಬೇಸರವಾಯಿತಂತೆ. ಆಗಿನ ಲೆಕ್ಕದಲ್ಲಿ ಸರ್ವಿಸ್ ಚಾರ್ಜ್ ಶೇ. 10, ಅದರ ಮೇಲೆ ಪ್ರವಾಸಿ ಜಿಎಸ್‌ಟಿ ಶೇ. 16, ತಲೆಗೆ ರಾತ್ರಿಗೆ 6 ಡಾಲರ್ ಹಸಿರು ತೆರಿಗೆ. ಇಬ್ಬರಿಗೆ ಏಳು ರಾತ್ರಿಗೆ 84 ಡಾಲರ್. ದೇಶದ್ರೋಹಕ್ಕೆ ಇಷ್ಟು ಖರ್ಚು ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಇತ್ತ ಮುಂಬೈಯಲ್ಲಿ ದೇಶಭಕ್ತರ ರಜೆಯೂ ಚೆನ್ನಾಗಿಯೇ ನಡೆಯುತ್ತಿತ್ತು. ಜನವರಿ 12ರಂದು ಅಟಲ್ ಸೇತು ಉದ್ಘಾಟನೆಯಾಯಿತು. 21.8 ಕಿಲೋಮೀಟರ್, ಹೆಚ್ಚಿನ ಭಾಗ ಸಮುದ್ರದ ಮೇಲೆ. ಸಮುದ್ರ ನೋಡಲು ಪರದೇಶ ಯಾಕೆ ಎಂದು ಸೆಕ್ರೆಟರಿ ಹೆಂಡತಿ ಮಕ್ಕಳನ್ನು ಕಾರಿಗೆ ತುಂಬಿ, 250 ರೂಪಾಯಿ ಟೋಲ್ ಕಟ್ಟಿ, ಸೇತುವೆಯ ನಡುವೆ ಕಾರು ನಿಲ್ಲಿಸಿದರು. ಅವರ ಹಾಗೆ ನೂರಾರು ಜನ ನಿಲ್ಲಿಸಿದ್ದರು. ಕಟಕಟೆ ಹತ್ತಿ ಸೆಲ್ಫಿ, ಡಬ್ಬಿ ಬಿಚ್ಚಿ ಥೇಪ್ಲಾ, ಪಾನ್ ಉಗಿಯಲು ಹೊಚ್ಚ ಹೊಸ ಜಾಗ. ಪೊಲೀಸರು ದಂಡ ಹಾಕತೊಡಗಿದರು. ಸೆಕ್ರೆಟರಿಯೂ ಕಟ್ಟಿದರು. ರಸೀದಿಯ ಫೋಟೊ ಮಾತ್ರ ಗ್ರೂಪಿಗೆ ಬರಲಿಲ್ಲ. ಸಮುದ್ರದ ಫೋಟೊ ಬಂತು. ಮಬ್ಬು ಹೊಗೆಯ ನಡುವೆ ಬೂದಿ ಬಣ್ಣದ ನೀರು. ಕೆಳಗೆ ‘ನಮ್ಮ ಮಾಲ್ಡೀವ್ಸ್’ ಎಂದು ಬರೆದಿದ್ದರು.

ಗುಟ್ಟು ಬಿಟ್ಟುಕೊಟ್ಟದ್ದು ಟೀಚರಮ್ಮ ಅಲ್ಲ, ಬ್ಯಾಂಕಿನವರು. ಕೊನೆಯ ದಿನ ಸೀ ಪ್ಲೇನಿನಲ್ಲಿ ಕೂತು ಪೈಲಟ್‌ನ ಬರಿಗಾಲಿನ ವೀಡಿಯೊ ಮಾಡಿ ಮಗಳಿಗೆ ಕಳಿಸಲು ಹೋಗಿ ಸೊಸೈಟಿ ಗ್ರೂಪಿಗೆ ಕಳಿಸಿದರು. ಚಪ್ಪಲಿ ಇಲ್ಲದ ಪೈಲಟ್ ಗೋವಾದಲ್ಲಿ ಎಲ್ಲಿದ್ದಾನೆ? ಗಣರಾಜ್ಯೋತ್ಸವದ ಧ್ವಜಾರೋಹಣಕ್ಕೂ ಅವರು ಇರಲಿಲ್ಲ, ಲೆಕ್ಕ ಸರಿಹೋಯಿತು. ವಾಪಸು ಬಂದಾಗ ನೋಟೀಸ್ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ‘ದೇಶ ಮೊದಲು.’ ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ, ‘ಎರಡನೇ ಮಹಡಿಯವರ ಮೆಂಟೆನೆನ್ಸ್ ಬಾಕಿ ಇದೆ.’

ಇನ್ನು ನಿಜವಾದ ವಿದೇಶಾಂಗ ನೀತಿ ಹೇಗೆ ನಡೆಯಿತು ನೋಡಿ. ಆಗ ದೇಶದಲ್ಲಿ ಈರುಳ್ಳಿ ರಫ್ತಿಗೆ ನಿಷೇಧ. ನಾಸಿಕ್ ಕಡೆಯ ರೈತರು ಬೀದಿಗಿಳಿದಿದ್ದರು. 2024ರ ಏಪ್ರಿಲ್‌ನಲ್ಲಿ ನಮ್ಮ ಸರ್ಕಾರವೇ ಮಾಲ್ಡೀವ್ಸ್‌ಗೆ ಅಗತ್ಯ ವಸ್ತು ಕಳಿಸಲು ವಿಶೇಷ ಅನುಮತಿ ಕೊಟ್ಟಿತು. ಈರುಳ್ಳಿ 35 ಸಾವಿರ ಟನ್‌ಗೂ ಹೆಚ್ಚು, ಅಕ್ಕಿ 1.24 ಲಕ್ಷ ಟನ್, ಮೊಟ್ಟೆ 42 ಕೋಟಿಗೂ ಹೆಚ್ಚು. 1981ರಲ್ಲಿ ಈ ಏರ್ಪಾಡು ಶುರುವಾದ ಮೇಲೆ ಇಷ್ಟು ದೊಡ್ಡ ಕೋಟಾ ಇದೇ ಮೊದಲು. ಅಂದರೆ ಮುಲುಂಡ್‌ನ ಟೀಚರಮ್ಮ ಹೋಗಬಾರದು, ಲಾಸಲ್‌ಗಾಂವ್‌ನ ಈರುಳ್ಳಿ ಹೋಗಬಹುದು. ಮೊಟ್ಟೆಗೆ ಸ್ವಾಭಿಮಾನ ಇಲ್ಲವಲ್ಲ, ಪಾಪ. ಈ ಸುದ್ದಿ ನಮ್ಮ ಗ್ರೂಪಿನಲ್ಲಿ ಬರಲೇ ಇಲ್ಲ. ಆ ದಿನ ಎಲ್ಲರೂ ಬೇಸಿಗೆಯ ನೀರಿನ ಟ್ಯಾಂಕರ್ ಬಗ್ಗೆ ಜಗಳವಾಡುತ್ತಿದ್ದರು.

ಅಲ್ಲಿಯ ರೆಸಾರ್ಟ್‌ನವರಿಗೆ ನಾವಿಲ್ಲದೆ ಕಣ್ಣೀರು ಬಂತಾ? 2023ರಲ್ಲಿ ಅಲ್ಲಿಗೆ ಹೋದವರಲ್ಲಿ ಭಾರತೀಯರೇ ಮೊದಲು, ಎರಡು ಲಕ್ಷಕ್ಕೂ ಹೆಚ್ಚು. 2024ರಲ್ಲಿ ನಾವು ಸುಮಾರು 1.3 ಲಕ್ಷಕ್ಕೆ ಇಳಿದೆವು. ಒಟ್ಟು ಪ್ರವಾಸಿಗರು 20 ಲಕ್ಷ ದಾಟಿದರು. ಮೊದಲ ಸ್ಥಾನ ಚೀನಾಕ್ಕೆ ಹೋಯಿತು. ನಾವು ಸಿಟ್ಟಿನಿಂದ ಎದ್ದ ಕುರ್ಚಿಯಲ್ಲಿ ಬೀಜಿಂಗ್‌ನವರು ಟವೆಲ್ ಹಾಸಿ ಮಲಗಿದರು.

2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಪರ ನಿಂತದ್ದಕ್ಕೆ, ಸರದಿ ಟರ್ಕಿಗೆ ಬಂತು. ಪುಣೆಯ ವ್ಯಾಪಾರಿಗಳು ಟರ್ಕಿ ಸೇಬು ತರಿಸುವುದು ನಿಲ್ಲಿಸಿದರು. ಅವರದು ನಿಜವಾದ ವ್ಯಾಪಾರ, ನಿಜವಾದ ನಷ್ಟ, ಅವರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ನಮ್ಮ ಸೆಕ್ರೆಟರಿ ಬಗ್ಗೆ. ಆ ದಿನದವರೆಗೂ ಅವರಿಗೆ ಸೇಬು ಶಿಮ್ಲಾದಿಂದ ಮಾತ್ರ ಬರುತ್ತದೆ ಎಂದೇ ಗೊತ್ತಿದ್ದದ್ದು. ಗ್ರೂಪಿನಲ್ಲಿ ಮಾತ್ರ ‘ಇವತ್ತಿನಿಂದ ಟರ್ಕಿ ಸೇಬು ಬಿಟ್ಟೆ’ ಎಂದು ಬಂತು.

ಅದಾಗಿ ಎರಡು ತಿಂಗಳು. ಜುಲೈನಲ್ಲಿ ಪ್ರಧಾನಿ ಮಾಲೆಗೆ ಹೋದರು. ಮಾಲ್ಡೀವ್ಸ್‌ನ 60ನೇ ಸ್ವಾತಂತ್ರ್ಯ ದಿನಕ್ಕೆ ಅವರೇ ಮುಖ್ಯ ಅತಿಥಿ. 4,850 ಕೋಟಿ ರೂಪಾಯಿ ಸಾಲದ ನೆರವು ಘೋಷಣೆಯಾಯಿತು. ದೇಶಗಳು ಹಾಗೆಯೇ, ಜಗಳವಾಡುತ್ತವೆ, ಮತ್ತೆ ಕೈ ಕುಲುಕುತ್ತವೆ. ಅದು ಅವರ ಕೆಲಸ. ನಮ್ಮ ಗ್ರೂಪಿನಲ್ಲಿ ಅರ್ಧ ದಿನ ಮೌನ. ಆಮೇಲೆ ಸೆಕ್ರೆಟರಿ ಬರೆದರು: ‘ಮಾಸ್ಟರ್‌ಸ್ಟ್ರೋಕ್.’ ಕೆಳಗಿನ ಮನೆಯ ಮೊಮ್ಮಗ ಕೈಮುಗಿದ. ಅಜ್ಜಿ ಈಗ ಮಾಲ್ಡೀವ್ಸ್‌ಗೆ ಹೋಗಬಹುದು ಎಂದಾಯಿತು.

ಬ್ಯಾಂಕಿನವರು ಈಚೆಗೆ ಪ್ರವಾಸದ ವಿಮೆಯ ಕಾಗದ ಪೂರ್ತಿ ಓದಿ ನೋಡಿದರಂತೆ. ಸೂಟ್‌ಕೇಸ್ ಕಳೆದರೆ ದುಡ್ಡು ಕೊಡುತ್ತಾರೆ, ಜ್ವರ ಬಂದರೆ ಕೊಡುತ್ತಾರೆ, ಸತ್ತರೂ ಕೊಡುತ್ತಾರೆ. ಟಿಕೆಟ್ ತೆಗೆದ ಮೇಲೆ ಆ ದೇಶದ ಮೇಲೆ ಸೊಸೈಟಿಗೆ ಸಿಟ್ಟು ಬಂದರೆ ಏನು ಎಂಬುದಕ್ಕೆ ಮಾತ್ರ ಕಲಮೇ ಇಲ್ಲ. ಆರು ತಿಂಗಳ ಮುಂಚೆ ಬುಕ್ ಮಾಡಿದರೆ ಅಗ್ಗ ಅನ್ನುತ್ತಾರೆ, ಆರು ತಿಂಗಳ ಮುಂಚೆ ಶತ್ರು ಯಾರೆಂದು ಯಾರು ಹೇಳುತ್ತಾರೆ? ರೈಲ್ವೆ ಟೈಮ್‌ಟೇಬಲ್ ಹಾಗೆ ಅದಕ್ಕೂ ಒಂದು ಪುಸ್ತಕ ಬರಬೇಕು ಎಂದು ಅವರ ವಾದ.

ಮೊನ್ನೆ ಸಂಜೆ ಸೆಕ್ರೆಟರಿ ಅವರ ಮನೆಯ ಬೆಲ್ ಒತ್ತಿದರು. ಕೈಯಲ್ಲಿ ಸಿಹಿ ಡಬ್ಬಿ. ಮಗನಿಗೆ ಮದುವೆ ನಿಶ್ಚಯವಾಗಿದೆ, ಹನಿಮೂನಿಗೆ ಅಲ್ಲಿಗೇ ಹೋಗಬೇಕಂತೆ.

‘ಸಾರ್, ಆ ಸೀ ಪ್ಲೇನಿನಲ್ಲಿ ಲಗೇಜು ಎಷ್ಟು ಕಿಲೋ ಬಿಡ್ತಾರೆ?’

‘ಇಪ್ಪತ್ತು’ ಎಂದರು ಬ್ಯಾಂಕಿನವರು. ಒಳಗಿನಿಂದ ಟೀಚರಮ್ಮ ಕೂಗಿದರು: ‘ಟಿಕೆಟ್ ಮಾತ್ರ ರಿಫಂಡ್ ಇರುವುದನ್ನೇ ತಗೊಳ್ಳಲಿಕ್ಕೆ ಹೇಳಿ ಮಾರಾಯ್ರೆ.’