ಗೇಟ್‌ವಾಲ್ವ್ ಗುಂಡಿಗೆ ಎಷ್ಟು ಲ್ಯುಮೆನ್ ಬೇಕು?

ಈ ವಾರ ನಮ್ಮ ಕರೆಂಟ್ ಲೈನಿಗೆ ರಾತ್ರಿ ಪಾಳಿ. ಪಂಪಿನ ಮೋಟ್ರಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋದು ಹತ್ತು ಗಂಟೆ ಮೇಲೆ. ಆಟೋ ಸ್ಟಾರ್ಟರ್ ಇದೆ, ಮೋಟ್ರೇನೋ ತಾನಾಗೇ ಎದ್ದುಕೊಳ್ಳುತ್ತೆ. ಆದರೆ ಗೇಟ್‌ವಾಲ್ವ್ ತಿರುಗಿಸೋಕೆ ಮನುಷ್ಯನೇ ಹೋಗಬೇಕಲ್ಲ. ಎರಡು ಗಂಟೆಗೊಮ್ಮೆ ಈ ಭಾಗ ಕಟ್ಟಿ ಆ ಭಾಗಕ್ಕೆ ನೀರು ಬಿಡಬೇಕು. ಹಾಗಾಗಿ ಚನ್ನಗಿರಿ ಕಡೆಯ ಅಡಿಕೆ ತೋಟದವನಿಗೆ ಬ್ಯಾಟ್ರಿ ಅನ್ನೋದು ಕುಡುಗೋಲು ಇದ್ದ ಹಾಗೆ, ಶೋಕಿಗೆ ಇಟ್ಟುಕೊಳ್ಳೋದಲ್ಲ. ಅಂದಹಾಗೆ ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಲೇ ಹೇಳೋದು. ಒಳಗೆ ಹಾಕೋದು ಸೆಲ್ಲು. ಇಲ್ಲೂ ಹಾಗೇ ಬರೀತೀನಿ.

ಎರಡು ತಿಂಗಳ ಹಿಂದೆ ಆನ್‌ಲೈನಲ್ಲಿ ಒಂದು ಬ್ಯಾಟ್ರಿ ತರಿಸಿದೆ. ಬೆಲೆ 649 ರೂಪಾಯಿ. ಡಬ್ಬಿ ಮೇಲೆ 90,000 ಲ್ಯುಮೆನ್, 1500 ಮೀಟರ್ ದೂರ ಅಂತ ಬರೆದಿತ್ತು. ಲ್ಯುಮೆನ್ ಅಂದರೆ ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತೆ ಅನ್ನೋ ಅಳತೆ. ಹೆಸರು ಹೇಳೋದಿಲ್ಲ. ಹೇಳಿದರೂ ಪ್ರಯೋಜನ ಇಲ್ಲ, ಅದೇ ಮಾಲು ಹತ್ತು ಹೆಸರಲ್ಲಿ ಬರುತ್ತೆ. ಮೊದಲ ದಿನ ಅಂಗಳದಲ್ಲಿ ನಿಂತು ಬಿಟ್ಟಾಗ ಪಕ್ಕದ ಮನೆ ಮಂಜಣ್ಣ ಓಡಿಬಂದ. ಮುಂದಿನ ಗಾಜನ್ನ ಎಳೆದರೆ ಬೆಳಕು ಚೌಕಾಕಾರದಲ್ಲಿ ದೂರ ಹೋಗಿ ಬೀಳುತ್ತಿತ್ತು. "ನೋಡಲೇ, ಟಿವಿ ಬಿದ್ದಂಗೆ ಬೀಳ್ತೈತೆ" ಅಂದ. ಒಳಗಿರೋ ಎಲ್‌ಇಡಿ ಚೌಕ, ಗಾಜು ಅದರ ಬಿಂಬವನ್ನೇ ದೊಡ್ಡದು ಮಾಡಿ ಎಸೆಯುತ್ತೆ ಅಷ್ಟೇ. ನೋಡೋಕೆ ಭಾರಿ ಚಂದ.

ಈಗ 90,000ದ ವಿಷಯಕ್ಕೆ ಬರೋಣ. ಮನೆಯಲ್ಲಿ ಹಾಕ್ತೀವಲ್ಲ 9 ವಾಟಿನ ಎಲ್‌ಇಡಿ ಬಲ್ಬು, ಅದು ಕೊಡೋದು ಸುಮಾರು 800-900 ಲ್ಯುಮೆನ್. ಅಂದರೆ ಈ ಪುಟ್ಟ ಬ್ಯಾಟ್ರಿ ನೂರು ಬಲ್ಬಿನ ಬೆಳಕು ಕೊಡಬೇಕು. ಆಗೋದಾ? 90,000 ಬಿಡಿ, 10,000ವೇ ಅಂದುಕೊಳ್ಳಿ. ಒಳ್ಳೆ ಎಲ್‌ಇಡಿ ಒಂದು ವಾಟಿಗೆ 100ರಿಂದ 150 ಲ್ಯುಮೆನ್ ಕೊಡುತ್ತೆ. ಹತ್ತು ಸಾವಿರಕ್ಕೆ ಹೆಚ್ಚುಕಮ್ಮಿ ಎಂಬತ್ತು ವಾಟ್ ಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಯಾಗೇ ಹೋಗುತ್ತೆ. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿ 25 ವಾಟ್. ಅಂಥ ಎರಡನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ತೋಟಕ್ಕೆ ಹೋಗೋದು ಹೇಗಿರುತ್ತೆ ಯೋಚಿಸಿ. ಅದೂ ಒಂದೇ ಸೆಲ್ಲಿನ ದಮ್ಮಿಗೆ ಹತ್ತು ನಿಮಿಷ ಉರಿದರೆ ಹೆಚ್ಚು.

ಸೆಲ್ಲು ಹೊರಗೆ ತೆಗೆದು ನೋಡಿದೆ. 18650 ಅನ್ನೋ ಜಾತಿ. 18 ಮಿಲಿಮೀಟರ್ ದಪ್ಪ, 65 ಉದ್ದ, ಅದಕ್ಕೇ ಆ ಹೆಸರು. ಮೈಮೇಲೆ 9900 ಎಂಎಎಚ್ ಅಂತ ಬರೆದಿದೆ, ಅಂದರೆ ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ. ಈ ಅಳತೆಯ ಒಳ್ಳೆ ಸೆಲ್ಲಿಗೇ 3500ರ ಆಸುಪಾಸು ಮಿತಿ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ. 29 ಗ್ರಾಂ ತೋರಿಸಿತು. ಅಸಲಿ ಸೆಲ್ಲು 45 ಗ್ರಾಮಿನ ಮೇಲೇ ತೂಗುತ್ತೆ. ಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡೋ ಹುಡುಗ ಮೀಟರ್ ಹಾಕಿ ನೋಡಿ ನಕ್ಕ. "ಸಾವಿರದ ಇನ್ನೂರು ಐತಣ್ಣ. ಅದೂ ಪುಣ್ಯ." ಅವನೇ ಇನ್ನೊಂದು ಗುಟ್ಟು ಹೇಳಿದ. ಈ ಬ್ಯಾಟ್ರಿ ನಮ್ಮ ಹೊಸ ಮೊಬೈಲಿನ ಚಾರ್ಜರಿನಲ್ಲಿ ಚಾರ್ಜೇ ಆಗ್ತಿರಲಿಲ್ಲ, ಕೆಟ್ಟಿದೆ ಅಂದುಕೊಂಡಿದ್ದೆ. ಎರಡೂ ಕಡೆ ಟೈಪ್-ಸಿ ಇರೋ ವೈರಿಗೆ ಬ್ಯಾಟ್ರಿಯೊಳಗೆ ಎರಡು ಚಿಕ್ಕ ರೆಸಿಸ್ಟರ್ ಬೇಕಂತೆ. ಅದಿಲ್ಲದಿದ್ದರೆ ಚಾರ್ಜರ್ ಕರೆಂಟ್ ಬಿಡೋದೇ ಇಲ್ಲ. ಕೆಲವು ಪೈಸೆ ಉಳಿಸೋಕೆ ಅದನ್ನೂ ಹಾಕಿಲ್ಲ. ಚಾರ್ಜರ್ ಕಡೆ ಹಳೇ ಅಗಲ ಚಪ್ಪಟೆ ಯುಎಸ್‌ಬಿ ಪಿನ್ನಿರೋ ವೈರು ಹಾಕಿದರೆ ಆಗುತ್ತೆ. ನಿಮ್ಮ ಮನೆಯಲ್ಲೂ ಹೀಗೆ ಮೂಲೆ ಸೇರಿದ ಬ್ಯಾಟ್ರಿ ಇದ್ದರೆ ಒಮ್ಮೆ ನೋಡಿ.

ದೂರದ ಪರೀಕ್ಷೆಗೆ ನನಗೆ ಟೇಪು ಬೇಕಾಗಲಿಲ್ಲ. ನಮ್ಮ ತೋಟದಲ್ಲಿ 9 ಅಡಿಗೊಂದು ಅಡಿಕೆ ಮರ. ಸಾಲಿನ ತುದಿಯಲ್ಲಿ ನಿಂತು ಬೆಳಕು ಬಿಟ್ಟು ಮರ ಎಣಿಸಿದರೆ ಆಯ್ತು. ನೂರು ಮೀಟರ್ ಅಂದರೆ 36-37 ಮರ. 1500 ಮೀಟರಿನ ಬ್ಯಾಟ್ರಿಯಲ್ಲಿ 30ನೇ ಮರದವರೆಗೆ ಸರಿಯಾಗಿ ಕಂಡಿತು, ಆಮೇಲೆ ಊಹೆ. ಒಳ್ಳೆ ಕಂಪನಿಯವರು ಬರೆಯೋ ದೂರಕ್ಕೂ ಒಂದು ಲೆಕ್ಕ ಇದೆ. ಎಲ್ಲಿ ಬೆಳಕು 0.25 ಲಕ್ಸ್‌ಗೆ, ಅಂದರೆ ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳಿಗೆ ಇಳಿಯುತ್ತೋ ಅಲ್ಲಿವರೆಗೆ ಅಳೀತಾರೆ. ಬೆಳದಿಂಗಳಲ್ಲಿ ಹಂದಿಯಾ ಪೊದೆಯಾ ಗೊತ್ತಾಗುತ್ತಾ? ನಾನಂತೂ ಅವರು ಬರೆದಿದ್ದರಲ್ಲಿ ಮೂರನೇ ಒಂದು ಭಾಗ ಅಂತ ಹಿಡೀತೀನಿ.

ಆದರೆ ನಿಜ ಹೇಳಬೇಕಂದರೆ, 30ನೇ ಮರ ನೋಡಿ ನನಗೆ ಆಗಬೇಕಾದ್ದೇನೂ ಇಲ್ಲ. ನನಗೆ ಕಾಣಬೇಕಾದ್ದು ಮುಂದಿನ ಎರಡು ಹೆಜ್ಜೆ. ಗೇಟ್‌ವಾಲ್ವ್ ಗುಂಡಿಯಲ್ಲಿ ಸದಾ ಸ್ವಲ್ಪ ನೀರು ಜಿನುಗುತ್ತೆ. ನೀರಿದ್ದಲ್ಲಿ ಕಪ್ಪೆ, ಕಪ್ಪೆ ಇದ್ದಲ್ಲಿ ಇನ್ನೊಬ್ಬರು ಬರ್ತಾರೆ. ತೋಟದ ತುಂಬ ಕಪ್ಪನೆ ಡ್ರಿಪ್ ಪೈಪು, ಒದ್ದೆಯಾಗಿ ಮಿಂಚುತ್ತಾ ಬಿದ್ದಿರುತ್ತೆ. ಕಟ್ಟುಹಾವೂ ಕಪ್ಪು, ಅದೂ ಮಿಂಚುತ್ತೆ, ಅದೂ ರಾತ್ರಿಯೇ ಓಡಾಡೋದು. ಮೈಮೇಲಿನ ಬಿಳಿ ಗೆರೆ ಕಂಡರೆ ಬದುಕಿದೆವು. ಆ 649ರ ಬ್ಯಾಟ್ರಿಯ ನೀಲಿ ಬೆರೆತ ಬಿಳಿ ಬೆಳಕಲ್ಲಿ, ಹತ್ತಿರಕ್ಕೆ ಬಿಟ್ಟಾಗ, ಒದ್ದೆ ಪೈಪಿನ ಮೇಲೆ ಕಣ್ಣು ಕುಕ್ಕುತ್ತೆ. ಒಣಗಿದ ಸೋಗೆ, ಮಣ್ಣು, ಅದರ ಮೇಲೆ ಸುರುಳಿ ಸುತ್ತಿ ಮಲಗಿದ ಕೊಳಕುಮಂಡಲ, ಮೂರೂ ಒಂದೇ ಬೂದಿ ಬಣ್ಣ. ಒಂದು ರಾತ್ರಿ ಪೈಪಿಗೆ ಹೆದರಿ ಕೆಸರಲ್ಲಿ ಕೂತೆ. ಮಾರನೇ ರಾತ್ರಿ ಪೈಪು ಅಂತ ದಾಟಲು ಹೋದದ್ದು ಸರಿದು ಹೋಯ್ತು. ಯಾವುದೋ ಕೇರೆ ಇರಬಹುದು. ಆದರೂ ಅವತ್ತೇ ತೀರ್ಮಾನ ಮಾಡಿದೆ.

ಎರಡನೇದಕ್ಕೆ 2,800 ಕೊಟ್ಟೆ. ಮನೆಯಲ್ಲಿ ಇನ್ನೂ 1,200 ಅಂತಲೇ ಗೊತ್ತಿರೋದು, ಇಲ್ಲಿ ಓದಿದರೆ ನೋಡಿಕೊಳ್ಳೋಣ. ಡಬ್ಬಿ ಮೇಲೆ ಬರೀ 1200 ಲ್ಯುಮೆನ್. ಸೆಲ್ಲು 21700 ಜಾತಿ, 5000 ಎಂಎಎಚ್. ಬೆಳಕು ಸ್ವಲ್ಪ ಹಳದಿ ಕಡೆ, 4000 ಕೆಲ್ವಿನ್. ಬಣ್ಣ ಬಣ್ಣವಾಗಿ ಕಾಣುತ್ತೆ. ಸೋಗೆ ಕಂದು, ಮಣ್ಣು ಕೆಂಪು, ಬಿದ್ದ ಹಣ್ಣಡಿಕೆ ಕಿತ್ತಳೆ.

ಇದರ ಪೂರ್ತಿ ಬೆಳಕನ್ನ ಜಗಲಿಯಲ್ಲಿ ಚಾವಣಿಗೆ ಬಿಟ್ಟು, ಬೆಳಕು ಅಳೆಯೋ ಲಕ್ಸ್ ಆ್ಯಪ್ ಇರೋ ಮೊಬೈಲನ್ನ ಒಂದೇ ಜಾಗದಲ್ಲಿಟ್ಟು, ಆಗಾಗ ಬರೆದುಕೊಂಡೆ. ಮೂರು ನಿಮಿಷಕ್ಕೆ ಅರ್ಧಕ್ಕೆ ಇಳಿಯಿತು. ಮೋಸ ಅಂತ ಬೈಯಬೇಡಿ. ಮೈ ಬಿಸಿಯಾಗುತ್ತಿದ್ದ ಹಾಗೆ ತಾನೇ ತಗ್ಗಿಸಿಕೊಳ್ಳುತ್ತೆ, ಇಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತೆ. ದೊಡ್ಡ ಬೆಳಕು ಅನ್ನೋದೆಲ್ಲ ಹೀಗೇ, ನೆಂಟರು ಬಂದ ದಿನದ ಊಟ. ದಿನದ ಊಟ 100 ಲ್ಯುಮೆನ್ನಿನದು. ಅದರಲ್ಲಿ ದಿನಾ ಎರಡು ಗಂಟೆಯಂತೆ ವಾರ ಓಡಿಸಿದೆ. ಚಾರ್ಜಿಗೆ ಹಾಕಿಲ್ಲ, ಬೆಳಕೂ ಮಂಕಾಗಲಿಲ್ಲ. ಕಡಿಮೆ ಬೆಳಕಿನ ಇನ್ನೊಂದು ಲಾಭ ಕಣ್ಣಿಗೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗೋಕೆ ಇಪ್ಪತ್ತು-ಮೂವತ್ತು ನಿಮಿಷ ಬೇಕು. ಸಾವಿರ ಲ್ಯುಮೆನ್ ಬಿಟ್ಟು ಆರಿಸಿದರೆ ನೀವು ಕುರುಡರೇ.

ತಪ್ಪುಗಳೂ ಇವೆ. ಸ್ವಿಚ್ಚು ಪಕ್ಕದಲ್ಲಿದೆ, ಕೆಸರು ಕೈಗೆ ಸಿಗೋದಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಬಳೆ ಹಾಕಿಕೊಂಡಿದ್ದೀನಿ, ಈಗ ಬೆರಳಿಗೆ ಗೊತ್ತಾಗುತ್ತೆ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲ. ಹಿಂದಿನ ಮುಚ್ಚಳ ಅರ್ಧ ಸುತ್ತು ಬಿಚ್ಚಿಡದಿದ್ದರೆ ಚೀಲದೊಳಗೆ ತಾನೇ ಹೊತ್ತಿಕೊಳ್ಳುತ್ತೆ. ಹೀಗೇ ಒಂದು ದಿನ ಟವೆಲ್ ಸುಟ್ಟ ವಾಸನೆ ಬಂತು. ಆದರೂ ಹಳೇದಕ್ಕಿಂತ ಎಷ್ಟೋ ವಾಸಿ. ಅದನ್ನ ಆರಿಸಬೇಕಾದರೆ ಪ್ರತಿಸಲ ಪಟಪಟ ಮಿನುಗೋ ಬೆಳಕು ದಾಟಿಯೇ ಹೋಗಬೇಕಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಹಗ್ಗ ಕಿತ್ತುಕೊಂಡಿತ್ತು. ಆ ಬ್ಯಾಟ್ರಿಗೆ ಒಂದು ಅಸಲಿ ಸೆಲ್ಲು ಹಾಕಿ ಈಗ ಸ್ಟಾರ್ಟರ್ ಡಬ್ಬಿ ಪಕ್ಕ ನೇತುಹಾಕಿದ್ದೀನಿ. ಹೊಸಕಾಲದ ಬ್ಯಾಟ್ರಿಗಳು ಹೇಳದೆ ಕೇಳದೆ ಆರಿಬಿಡ್ತವೆ, ಇನ್ನೊಂದು ಇರಲೇಬೇಕು.

ಅಪ್ಪನ ಕಾಲದ ಮೂರು ಸೆಲ್ಲಿನ ಸ್ಟೀಲ್ ಬ್ಯಾಟ್ರಿ ಹಾಗಲ್ಲ. ಸಾಯೋ ಮುಂಚೆ ನಾಲ್ಕು ದಿನ ಹಳದಿಯಾಗಿ, ಆಮೇಲೆ ಕೆಂಪಾಗಿ ಹೇಳಿಕೊಂಡು ಸಾಯ್ತಿತ್ತು. ಸೆಲ್ಲು ಮುಗಿದಾಗ ಹಂಚಿನ ಮೇಲೆ ಬಿಸಿಲಿಗೆ ಇಡೋದು ನನ್ನ ಕೆಲಸ. ಒಂದು ರಾತ್ರಿಗೆ ಮತ್ತೆ ಜೀವ ಬರೋದು.

ಮೊನ್ನೆ ಅಪ್ಪನ ಕೈಗೆ ಹೊಸದು ಕೊಟ್ಟೆ. ಮೊದಲು ಮರದ ತುದಿಗೆ ಬಿಟ್ಟ. ಅಡಿಕೆ ಗೊನೆ ನೋಡಿದ. ಆಮೇಲೆ ಕಾಲ ಬುಡಕ್ಕೆ ಬಿಟ್ಟುಕೊಂಡು ಗುಂಡಿತನಕ ಹೋಗಿ ವಾಲ್ವ್ ತಿರುಗಿಸಿ ಬಂದ. ಏನೂ ಹೇಳಲಿಲ್ಲ. ಮಲಗೋ ಮುಂಚೆ ಕೇಳಿದ.

"ಇದರ ಸೆಲ್ಲು ಮುಗಿದ್ರೆ ಬಿಸಿಲಿಗೆ ಇಡಬಹುದೇನೋ?"

"ಬ್ಯಾಡ ಕಣಪ್ಪಾ, ಸಿಡಿದುಬಿಡುತ್ತೆ" ಅಂದೆ.

ಬೆಳಗ್ಗೆ ಎದ್ದು ಮೊದಲು ಹಂಚಿನ ಮೇಲೆ ನೋಡಿಬಂದೆ.