ಏಳು ಕಿಲೋ ವೈರಾಗ್ಯ

ಸಮುದ್ರ ತೀರಕ್ಕೆ ಹೋಗುವವನಿಗೆ ಏನು ಬೇಕು? ಒಂದು ಚಡ್ಡಿ, ಒಂದು ಟವೆಲ್. ಹೆಚ್ಚೆಂದರೆ ಒಂದು ಟೋಪಿ. ನೀರು ಅಲ್ಲೇ ಇರುತ್ತದೆ. ಮರಳೂ ಅಲ್ಲೇ ಇರುತ್ತದೆ. ಬಿಸಿಲನ್ನು ಯಾರೂ ಮನೆಯಿಂದ ಕಟ್ಟಿಕೊಂಡು ಹೋಗುವುದಿಲ್ಲ. ಹೀಗೆ ಲೆಕ್ಕ ಹಾಕಿ ನಾನೂ ನನ್ನ ಹೆಂಡತಿಯೂ ಈ ಸಲದ ರಜೆಯನ್ನು ಬರೀ ವಿಮಾನದೊಳಗೆ ಕೈಯಲ್ಲೇ ಒಯ್ಯುವ ಕ್ಯಾಬಿನ್ ಬ್ಯಾಗಿನಲ್ಲೇ ಮುಗಿಸುವುದೆಂದು ತೀರ್ಮಾನ ಮಾಡಿದೆವು. ತಲೆಗೊಂದು ಬ್ಯಾಗು, ಬ್ಯಾಗಿಗೆ 7 ಕಿಲೋ. ಅದಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಇಲ್ಲ.

ಐಡಿಯಾ ನಮ್ಮದಲ್ಲ, ಗೆಳೆಯರೊಬ್ಬರದು. ಅವರು ಹತ್ತು ವರ್ಷದಿಂದ ಬ್ಯಾಗೇಜ್ ಬೆಲ್ಟಿನ ಮುಂದೆ ನಿಂತವರಲ್ಲ. ಸಿಗರೇಟು ಬಿಟ್ಟವರು ಬಿಟ್ಟ ದಿನ ಹೇಳುತ್ತಾರಲ್ಲ, ಆ ಧಾಟಿಯಲ್ಲಿ ಇದನ್ನು ಹೇಳುತ್ತಾರೆ. 'ಎರಡು ಅಂಗಿ ಸಾಕು ಕಣ್ರೀ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.' ಮೊದಲೆಲ್ಲ ಜನ ತಮ್ಮ ಹತ್ತಿರ ಎಷ್ಟಿದೆ ಎಂದು ಜಂಬ ಕೊಚ್ಚುತ್ತಿದ್ದರು. ಈಗ ಎಷ್ಟು ಬಿಟ್ಟು ಬಂದೆ ಎಂದು ಕೊಚ್ಚುತ್ತಾರೆ. ಅವರ ಜತೆ ಹಿಂದೊಮ್ಮೆ ಪ್ರವಾಸ ಹೋಗಿದ್ದೆವು. ಚಾರ್ಜರ್ ನನ್ನದು. ಟೂತ್‌ಪೇಸ್ಟ್ ನನ್ನದು. ಸನ್‌ಸ್ಕ್ರೀನ್ ನನ್ನ ಹೆಂಡತಿಯದು. ಕೊನೆಯ ದಿನ ಟವೆಲ್ಲೂ ನಮ್ಮದೇ. ಒಬ್ಬರ ವೈರಾಗ್ಯ ನಡೆಯಬೇಕಾದರೆ ಪಕ್ಕದಲ್ಲಿ ಒಬ್ಬ ಸಂಸಾರಿ ಇರಲೇಬೇಕು. ಈ ಸಲವೂ ಅವರು ನಮ್ಮ ಜತೆಗೇ ಹೊರಟಿದ್ದರು. ನಾವೂ ದೀಕ್ಷೆ ತಗೊಂಡಿದ್ದೇವೆ ಎಂದು ಕೇಳಿ ಅವರಿಗೆ ಸಂತೋಷವಾಯಿತೋ ಭಯವಾಯಿತೋ ಗೊತ್ತಾಗಲಿಲ್ಲ.

ಮೊದಲ ಕೆಲಸ, ಖಾಲಿ ಪೆಟ್ಟಿಗೆಯನ್ನು ತೂಗಿದೆ. 2.9 ಕಿಲೋ! ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರಲ್ಲಿ. ಸೂಟ್‌ಕೇಸಿಗೆ ಚಕ್ರ ಹಾಕಿದ ಬರ್ನಾರ್ಡ್ ಸ್ಯಾಡೋಗೆ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಅದನ್ನು ನಿಲ್ಲಿಸಿ, ಉದ್ದ ಹಿಡಿ ಕೊಟ್ಟು, ಎಳೆದುಕೊಂಡು ಹೋಗುವ ಹಾಗೆ ಮಾಡಿದ್ದು ರಾಬರ್ಟ್ ಪ್ಲಾತ್ ಎಂಬ ಪೈಲಟ್, 1987ರಲ್ಲಿ. ಇಬ್ಬರಿಗೂ ದೊಡ್ಡ ನಮಸ್ಕಾರ. ಆದರೆ ಈ ಚಕ್ರ, ಹಿಡಿ, ಒಳಗಿನ ಕಂಬಿ ಎಲ್ಲ ಸೇರಿ ನನ್ನ 7 ಕಿಲೋದಲ್ಲಿ ಹತ್ತಿರ ಹತ್ತಿರ ಮೂರನ್ನು ನುಂಗಿ ಕೂತಿದ್ದವು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಭಾರ ಹೊರಬಾರದು ಎಂದು ಚಕ್ರ ಹಾಕಿದರು. ಈಗ ಚಕ್ರವೇ ಭಾರ.

ಉಳಿದ 4.1 ಕಿಲೋದಲ್ಲಿ ಸಂಸಾರ ಹೂಡಬೇಕು. ಬಟ್ಟೆಯನ್ನು ಮಡಚಬಾರದು, ಸುರುಳಿ ಸುತ್ತಬೇಕು ಎಂದು ಗೆಳೆಯರು ಹೇಳಿದ್ದರು. ಸುತ್ತಿದೆ. ಗಾಳಿ ಹೊರಗೆ ಹಾಕುವ ಪ್ಲಾಸ್ಟಿಕ್ ಚೀಲವನ್ನೂ ತಂದೆ. ಗಾಳಿ ಹೋಯಿತು, ಗಾತ್ರ ಅರ್ಧವಾಯಿತು, ತೂಕ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇನ್ನೆರಡು ಅಂಗಿ, ಓದದೇ ಉಳಿದಿದ್ದ ಒಂದು ದಪ್ಪ ಪುಸ್ತಕ, ಮಳೆ ಬಂದರೆ ಇರಲಿ ಎಂದು ಒಂದು ಕೋಟು. ಸಮುದ್ರದಲ್ಲಿ ನೆನೆಯಲೆಂದೇ ಹೋಗುವವನಿಗೆ ಮಳೆಯ ಭಯ ಯಾಕೆ ಎಂದು ಹೆಂಡತಿ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಕೋಟನ್ನೂ ತೆಗೆಯಲಿಲ್ಲ.

ಬರುವಾಗಿನ ಲೆಕ್ಕವೇ ಬೇರೆ. ಹೋಗುವಾಗ ಒಣಗಿದ ಟವೆಲ್ ಬರುವಾಗ ಒದ್ದೆ. ಚಡ್ಡಿಯ ಜೇಬು, ಚಪ್ಪಲಿ, ಪುಸ್ತಕದ ನಡುವಿನ ಹಾಳೆ, ಎಲ್ಲದರಲ್ಲೂ ಮರಳು. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ತೀರದ ಮರಳು, ಚಿಪ್ಪು ಎತ್ತಿಕೊಂಡು ಹೋದರೆ ದಂಡ ಹಾಕುವ ಕಾನೂನು 2017ರಿಂದ ಇದೆ. ನಾನು ಯಾವ ತೀರಕ್ಕೆ ಹೋದರೂ ಎತ್ತಿಕೊಳ್ಳುವುದೇ ಬೇಡ. ಮರಳೇ ನನ್ನ ಜತೆ ಹೊರಟು ಬರುತ್ತದೆ.

ಅಳತೆಯ ಕಥೆ ಇನ್ನೂ ಚೆನ್ನಾಗಿದೆ. ಒಂದು ಕಂಪನಿಗೆ 55-40-20 ಸೆಂಟಿಮೀಟರ್. ಇನ್ನೊಂದಕ್ಕೆ 56-36-23. ಮಗದೊಂದು ಕಂಪನಿಯ ಪ್ರಕಾರ ಕಾಲ ಕೆಳಗೆ ಹಿಡಿಸಿದ್ದು ಮಾತ್ರ ಬ್ಯಾಗು, ಉಳಿದದ್ದೆಲ್ಲ ದುರಾಸೆ. ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ 2015ರ ಜೂನ್‌ನಲ್ಲಿ ಒಂದು ಸಂಧಾನಕ್ಕೆ ಬಂತು. 55-35-20 ಇದ್ದರೆ ಎಲ್ಲರಿಗೂ ಒಳ್ಳೆಯದು, ಅಂಥ ಬ್ಯಾಗಿಗೆ ಒಂದು ಗುರುತು ಹಾಕೋಣ ಎಂದಿತು. ಜನ ಟೇಪು ಹಿಡಿದು ಅಳೆದರು. ಅದುವರೆಗೆ ಸರಿಯಾಗಿದ್ದ ತಮ್ಮ ಬ್ಯಾಗು ರಾತ್ರೋರಾತ್ರಿ ದೊಡ್ಡದಾಗಿತ್ತು. ಗಲಾಟೆ ಎದ್ದಿತು. ಅದೇ ಜೂನ್ ಮುಗಿಯುವುದರೊಳಗೆ ಐಎಟಿಎ ಅದನ್ನು ತಡೆಹಿಡಿಯಿತು.

ಅದಕ್ಕೂ ಹಿಂದಿನ ವರ್ಷ, 2014ರಲ್ಲಿ, ಯುರೋಪಿನ ನ್ಯಾಯಾಲಯ ಒಂದು ತೀರ್ಪಿನಲ್ಲಿ ಕೈಚೀಲ ಪ್ರಯಾಣಕ್ಕೆ ಅಗತ್ಯವಾದ ವಸ್ತು, ಅದಕ್ಕೆ ಬೇರೆ ದುಡ್ಡು ಕೇಳುವಂತಿಲ್ಲ ಎಂದಿತ್ತು. ಆಹಾ! ಆದರೆ ತೂಕವೂ ಅಳತೆಯೂ 'ಸಮಂಜಸ'ವಾಗಿರಬೇಕು ಎಂದು ಒಂದು ಮಾತು ಸೇರಿಸಿತ್ತು. ಸಮಂಜಸ ಅಂದರೆ ಎಷ್ಟು? ಅದನ್ನು ಕಂಪನಿಗಳೇ ಹೇಳುತ್ತವೆ. ಗೇಟಿನ ಪಕ್ಕದಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಟ್ಟಿರುತ್ತಾರಲ್ಲ, ಅದೇ ಆ ಪದದ ಅರ್ಥ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇನ್ನು ದ್ರವಪುರಾಣ. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಪೊಲೀಸರು ದ್ರವ ಸ್ಫೋಟಕದಿಂದ ವಿಮಾನಗಳನ್ನು ಉಡಾಯಿಸುವ ಸಂಚೊಂದನ್ನು ಬಯಲು ಮಾಡಿದರು. ಸಂಚು ನಿಜ, ಭಯವೂ ನಿಜ. ಅದಾದ ಕೆಲವೇ ತಿಂಗಳಲ್ಲಿ 100 ಎಂಎಲ್ ನಿಯಮ ಬಂತು. ಪ್ರತಿಯೊಂದು ಡಬ್ಬಿಯೂ 100 ಎಂಎಲ್ ಒಳಗೆ, ಎಲ್ಲ ಡಬ್ಬಿಗಳೂ ಒಂದು ಲೀಟರಿನ ಪಾರದರ್ಶಕ ಚೀಲದ ಒಳಗೆ. ನೂರು ನೂರರ ಏಳೆಂಟು ಡಬ್ಬಿ ತಂದರೆ ನೀವು ಸಜ್ಜನರು. 150ರ ಒಂದೇ ಒಂದು ಡಬ್ಬಿ ತಂದರೆ ಪಕ್ಕಕ್ಕೆ ಬನ್ನಿ.

ಇದನ್ನು ಸಮುದ್ರ ತೀರದ ಲೆಕ್ಕಕ್ಕೆ ಹಾಕಿ ನೋಡಿ. ದೊಡ್ಡವರ ಮೈಗೆ ಸರಿಯಾಗಿ ಹಚ್ಚಬೇಕಾದರೆ ಒಂದು ಸಲಕ್ಕೆ ಸುಮಾರು 30 ಎಂಎಲ್ ಸನ್‌ಸ್ಕ್ರೀನ್ ಬೇಕು ಎನ್ನುತ್ತಾರೆ ಚರ್ಮದ ಡಾಕ್ಟರುಗಳು. ಎರಡು ಗಂಟೆಗೊಮ್ಮೆ, ನೀರಿಗೆ ಇಳಿದು ಬಂದ ಮೇಲೊಮ್ಮೆ, ಮತ್ತೆ ಹಚ್ಚಬೇಕು. ಅಂದರೆ 100 ಎಂಎಲ್ ಡಬ್ಬಿ ಮೂರು ಸಲಕ್ಕೆ ಬಂತು. ಆರು ಗಂಟೆ. ನಮ್ಮದು ಆರು ದಿನದ ರಜೆ. ಮೊದಲ ದಿನದ ಸಂಜೆಗೇ ಡಬ್ಬಿ ಖಾಲಿ, ಮಿಕ್ಕ ಐದು ದಿನ ನೆರಳು ಹುಡುಕಿಕೊಂಡು ಕೂರಬೇಕು. ಬೇರೆ ಯಾವ ರಜೆಗೂ ಇಷ್ಟು ದ್ರವ ಬೇಡ. ಕೈಚೀಲ ಸಾಕು ಎಂದು ಎಲ್ಲರೂ ಉಪದೇಶ ಮಾಡುವುದು ಈ ರಜೆಗೇ.

ಅಲ್ಲೇ ಹೋಗಿ ಕೊಂಡುಕೊಳ್ಳಿ ಎನ್ನುತ್ತೀರಾ? ಕೊಳ್ಳಬಹುದು. ಪಲಾವು ದೇಶ 2020ರಿಂದ, ಹವಾಯಿ 2021ರಿಂದ, ಹವಳಕ್ಕೆ ಹಾನಿ ಮಾಡುತ್ತವೆ ಎಂದು ಕೆಲವು ಬಗೆಯ ಸನ್‌ಸ್ಕ್ರೀನಿನ ಮಾರಾಟವನ್ನೇ ನಿಲ್ಲಿಸಿವೆ. ಒಳ್ಳೆಯ ಕೆಲಸವೇ. ನನ್ನ ಬೆನ್ನೂ ಒಂದು ಜೀವಿಯೇ ಎಂದು ಯಾರಾದರೂ ನೆನಪಿಸಿಕೊಂಡರೆ ಇನ್ನೂ ಒಳ್ಳೆಯದು.

ಸೆಕ್ಯುರಿಟಿಯಲ್ಲಿ ನನ್ನನ್ನು ಹಿಡಿದರು. ಬ್ಯಾಗಿನ ತಳದಲ್ಲಿ ಹಳೆಯ ಸನ್‌ಸ್ಕ್ರೀನ್ ಟ್ಯೂಬೊಂದು ಇತ್ತು. ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು.

'ಇದು 200 ಎಂಎಲ್.'

'ಒಳಗೆ 20 ಕೂಡ ಇಲ್ಲ, ನೋಡಿ.'

'ಮೇಲೆ 200 ಅಂತ ಬರೆದಿದೆ.'

'ಬರೆದಿರೋದು ಅಲ್ವಾ? ಒಳಗೆ ಇಲ್ವಲ್ಲ.'

ಅವರು ಉತ್ತರಿಸಲಿಲ್ಲ. ಪಾಪ, ಅವರದೇನೂ ತಪ್ಪಿಲ್ಲ. ನಿಯಮ ಇರುವುದೇ ಹಾಗೆ. ಒಳಗೆ ಏನಿದೆ, ಎಷ್ಟಿದೆ ಎಂಬುದು ಮುಖ್ಯವಲ್ಲ, ಡಬ್ಬಿಯ ಮೇಲೆ ಏನು ಬರೆದಿದೆ ಎಂಬುದು ಮುಖ್ಯ. ಮನುಷ್ಯರ ವಿಷಯದಲ್ಲೂ ಲೋಕ ನಡೆಯುವುದು ಹೀಗೇ ಇರಬಹುದು, ಇರಲಿ. ವಿಮಾನವನ್ನೇ ಉಡಾಯಿಸಬಹುದಾದ ಆ ಟ್ಯೂಬನ್ನು ಅವರು ಏನು ಮಾಡಿದರು ಗೊತ್ತೇ? ಪಕ್ಕದ ಕಸದ ಬುಟ್ಟಿಗೆ ಎಸೆದರು. ಇನ್ನೂರು ಜನ ಸಾಲಿನಲ್ಲಿ ನಿಂತಿರುವ ಜಾಗದಲ್ಲಿ! ನಾಲ್ಕು ಹೆಜ್ಜೆ ಮುಂದಿನ ಅಂಗಡಿಯಲ್ಲಿ ಅದೇ 200 ಎಂಎಲ್ ಟ್ಯೂಬು ತುಂಬಿಕೊಂಡು ಸಾಲಾಗಿ ನಿಂತಿತ್ತು. ಅದು ಸ್ಫೋಟಿಸುವುದಿಲ್ಲ. ಬಿಲ್ ಆಗಿದೆಯಲ್ಲ. ಅದನ್ನೇ ಕೊಂಡೆವು.

ಯುರೋಪಿನ ಕೆಲವು ನಿಲ್ದಾಣಗಳು ಹೊಸ ಸ್ಕ್ಯಾನರ್ ಇಟ್ಟು ದೊಡ್ಡ ಬಾಟಲಿಗಳನ್ನು ಒಳಗೆ ಬಿಡತೊಡಗಿದ್ದವು. 2024ರ ಸೆಪ್ಟೆಂಬರ್ 1ರಿಂದ ಅಲ್ಲೂ ಮತ್ತೆ 100 ಎಂಎಲ್. ಹಿಂದಿನ ದಿನ ಪಾನಕವಾಗಿದ್ದದ್ದು ಮಾರನೇ ದಿನ ಅನುಮಾನಾಸ್ಪದ. ಮರುವರ್ಷ ಕೆಲವು ಸ್ಕ್ಯಾನರುಗಳಿಗೆ ಪುನಃ ಒಪ್ಪಿಗೆ ಬಂತು. ಇದನ್ನೆಲ್ಲ ನೆನಪಿಟ್ಟುಕೊಂಡು ಹೊರಡುವವನ ತಲೆಯೇ 7 ಕಿಲೋ ತೂಗುತ್ತದೆ.

ಗೇಟಿನಲ್ಲಿ ತೂಕ. ನನ್ನ ಬ್ಯಾಗು 8.4 ಕಿಲೋ. ಸನ್‌ಸ್ಕ್ರೀನ್ ಮನೆಯ ತಕ್ಕಡಿಯಲ್ಲಿ ಇರಲಿಲ್ಲ, ಸರಿ. ಮಿಕ್ಕಿದ್ದು ನನ್ನ ಕೈಯ ಗುಣ.

'ರೀ, ಕೋಟು ಹಾಕ್ಕೊಳ್ಳಿ' ಎಂದಳು ಹೆಂಡತಿ.

ಹಾಕಿಕೊಂಡೆ. ಇನ್ನೂ ಜಾಸ್ತಿ ಇತ್ತು. ಅಂಗಿಯ ಮೇಲೆ ಇನ್ನೊಂದು ಅಂಗಿ, ಅದರ ಮೇಲೆ ಮತ್ತೊಂದು, ಎಲ್ಲದರ ಮೇಲೆ ಕೋಟು. ಕೋಟಿನ ಒಂದು ಜೇಬಿಗೆ ಪುಸ್ತಕ, ಇನ್ನೊಂದಕ್ಕೆ ಚಾರ್ಜರ್, ಒಳಜೇಬಿಗೆ ಚಡ್ಡಿ. ಕತ್ತಿಗೆ ಟವೆಲ್. ತಕ್ಕಡಿ 6.9 ತೋರಿಸಿತು. ಅಲ್ಲಿದ್ದ ಹುಡುಗಿ ನಕ್ಕು 'ಥ್ಯಾಂಕ್ಯೂ ಸರ್' ಎಂದಳು. ಒಂದೂವರೆ ಕಿಲೋ ಮಾಯವಾಗಿತ್ತು. ಎಲ್ಲಿಗೆ ಹೋಯಿತು? ಎಲ್ಲಿಗೂ ಇಲ್ಲ. ಅದೇ ಬಾಗಿಲಿನಿಂದ, ಅದೇ ವಿಮಾನಕ್ಕೆ, ನನ್ನ ಮೈಮೇಲೆ ಕೂತು ಬಂತು.

ನಮ್ಮ ಅಜ್ಜಿಯರು ಒಂದು ಕಥೆ ಹೇಳುತ್ತಿದ್ದರು. ಕುದುರೆ ಏರಿದವನೊಬ್ಬ, ಪಾಪ ಕುದುರೆಗೆ ಭಾರವಾದೀತು ಎಂದು ಮೂಟೆಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡನಂತೆ. ಕೇಳಿದಾಗಲೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನೋಡಿದರೆ ಆ ಮನುಷ್ಯ ದಡ್ಡನಲ್ಲ. ಕುದುರೆಯ ಕಂಪನಿಯ ನಿಯಮ ಓದಿಕೊಂಡಿದ್ದ, ಅಷ್ಟೆ.

ಭೌತಶಾಸ್ತ್ರಕ್ಕೆ ಮರ್ಯಾದೆ ಕೊಟ್ಟ ಕಂಪನಿ ಒಂದಿತ್ತು, ಸಮೋವಾ ಏರ್. ಪುಟ್ಟ ಪುಟ್ಟ ವಿಮಾನಗಳ ಕಂಪನಿ. 2013ರಲ್ಲಿ ಅದು ಮನುಷ್ಯ ಮತ್ತು ಸಾಮಾನು ಎರಡನ್ನೂ ಒಟ್ಟಿಗೆ ತೂಗಿ, ಕಿಲೋ ಲೆಕ್ಕದಲ್ಲಿ ಟಿಕೆಟ್ ಕೊಡಲು ಹೊರಟಿತು. ಲೋಕವೆಲ್ಲ ಛೇ ಛೇ ಎಂದಿತು. ಮನುಷ್ಯರನ್ನು ತೂಗುವುದೇ, ಎಂಥ ಅವಮಾನ! ಮೂರು ಅಂಗಿ ತೊಟ್ಟು, ಕತ್ತಿಗೆ ಟವೆಲ್ ಸುತ್ತಿಕೊಂಡು, ಜೇಬಿನಲ್ಲಿ ಚಡ್ಡಿ ಇಟ್ಟುಕೊಂಡು ನಿಲ್ಲುವುದು ಮಾತ್ರ ಮರ್ಯಾದೆಯ ಕೆಲಸ.

ಈ ಪೀಕಲಾಟ ಜೋರಾದದ್ದು ಯಾವಾಗ? 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್-ಇನ್ ಬ್ಯಾಗಿಗೇ ಶುಲ್ಕ ಹಾಕಿತು. ಎಣ್ಣೆ ಬೆಲೆ ಏರಿದೆ, ಏನು ಮಾಡೋಣ ಎಂದಿತು. ಆ ವರ್ಷ ಮುಗಿಯುವ ಹೊತ್ತಿಗೆ ಎಣ್ಣೆ ಬೆಲೆ ಕುಸಿದು ಬಿತ್ತು. ಶುಲ್ಕ ಕುಸಿಯಲಿಲ್ಲ. ಒಂದೊಂದಾಗಿ ಬೇರೆ ಕಂಪನಿಗಳೂ ಹಿಂದೆ ಬಂದವು. ಜನ ಸುಮ್ನೆ ಇರುತ್ತಾರೆಯೇ? ಬ್ಯಾಗನ್ನು ಎತ್ತಿಕೊಂಡು ಒಳಗೇ ಬಂದರು. ಸೀಟಿನ ಮೇಲಿನ ಕಪಾಟು ತುಂಬಿತು. ನಾವು ಇದನ್ನು ಸರಳ ಜೀವನ ಎಂದು ಕರೆದೆವು.

ಹತ್ತುವಾಗ ನಮ್ಮದು ಕೊನೆಯ ಗುಂಪು. ಬಾಗಿಲ ಹತ್ತಿರ ಬಂದಾಗ ಮೈಕಿನಲ್ಲಿ ಹೇಳಿದರು. ಒಳಗೆ ಜಾಗ ಇಲ್ಲ, ಮಿಕ್ಕವರ ಬ್ಯಾಗುಗಳನ್ನು ಕೆಳಗೆ ಹಾಕುತ್ತೇವೆ, ಉಚಿತವಾಗಿ. ಉಚಿತವಾಗಿ! ಎರಡು ಗಂಟೆ ಮೊದಲು ನಾನಾಗಿ ಕೇಳಿದ್ದರೆ ದುಡ್ಡು. ಈಗ ಬೇಡ ಬೇಡ ಅಂದರೂ ಬಿಟ್ಟಿ. ಜತೆಗೆ ಒಂದು ಷರತ್ತು. ಪವರ್ ಬ್ಯಾಂಕ್ ಕೆಳಗೆ ಹಾಕುವಂತಿಲ್ಲ, ಬೆಂಕಿ ಹತ್ತಿಕೊಂಡರೆ ಕಾಣುವ ಜಾಗದಲ್ಲೇ ಇರಬೇಕು. ಅದು ನ್ಯಾಯವಾದ ಮಾತೇ. ಎಲ್ಲರೂ ನೆಲದ ಮೇಲೆ ಮಂಡಿಯೂರಿ ಬ್ಯಾಗು ಬಿಚ್ಚಿದರು. ಅಷ್ಟು ನಾಜೂಕಾಗಿ ಸುತ್ತಿದ್ದ ಸುರುಳಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಪವರ್ ಬ್ಯಾಂಕ್, ಮಾತ್ರೆ, ಕನ್ನಡಕ, ಹೊಸ ಸನ್‌ಸ್ಕ್ರೀನ್ ಟ್ಯೂಬು ಎಲ್ಲವನ್ನೂ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಹೆಂಡತಿ ನನ್ನ ಕೈಗೆ ಕೊಟ್ಟಳು. ಮೂರು ಅಂಗಿ, ಒಂದು ಕೋಟು, ಒಂದು ಪ್ಲಾಸ್ಟಿಕ್ ಚೀಲದೊಂದಿಗೆ ನಾನು ಕಿಟಕಿ ಪಕ್ಕ ಕೂತೆ. ಸೀಟ್ ಬೆಲ್ಟ್ ಹಿಡಿಸಲಿಲ್ಲ. ಕೋಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ ಮೇಲೆ ಹಿಡಿಸಿತು.

ಇಳಿದಾಗ ಉರಿಬಿಸಿಲು. ಕೋಟು ಹಿಡಿಯಲು ಕೈ ಖಾಲಿ ಇರಲಿಲ್ಲ, ಮತ್ತೆ ತೊಟ್ಟುಕೊಂಡೆ. ಬ್ಯಾಗೇಜ್ ಬೆಲ್ಟಿನ ಹತ್ತಿರ ಹೋದರೆ ಅಲ್ಲಿ ನಮ್ಮ ಗೆಳೆಯರು. ಕಂಬವೊಂದರ ಮರೆಯಲ್ಲಿ, ಯಾರಿಗೋ ಕಾಯುತ್ತಿರುವವರ ಹಾಗೆ ನಿಂತಿದ್ದರು. ನಾವು ಹತ್ತಿರ ಹೋದ ಮೇಲೆ ತಪ್ಪಿಸಿಕೊಳ್ಳಲಾಗಲಿಲ್ಲ.

'ಇದು ಚೆಕ್-ಇನ್ ಅಲ್ಲ ಕಣ್ರೀ' ಎಂದರು. 'ಗೇಟಲ್ಲಿ ಅವರೇ ಕಿತ್ಕೊಂಡಿದ್ದು. ಹತ್ತು ವರ್ಷದ ಲೆಕ್ಕಕ್ಕೆ ಇದು ಬರಲ್ಲ.'

ಬರುವುದಿಲ್ಲ ಎಂದು ನಾನೂ ಒಪ್ಪಿದೆ. ಸ್ವಲ್ಪ ಹೊತ್ತು ಮೂವರೂ ತಿರುಗುವ ಬೆಲ್ಟನ್ನೇ ನೋಡುತ್ತಾ ನಿಂತೆವು. ಆಮೇಲೆ ಅವರ ಕಣ್ಣು ಮೆಲ್ಲಗೆ ನನ್ನ ಕೈಯ ಪ್ಲಾಸ್ಟಿಕ್ ಚೀಲದ ಮೇಲೆ ಬಿತ್ತು.

'ಅದರಲ್ಲಿರೋದು ಸನ್‌ಸ್ಕ್ರೀನ್ ತಾನೇ?'